ತರಗತಿಯ ಸೆಕೆ ಎಲ್ಲಿಂದ ಬರುತ್ತದೆ?

ಸಿಂಧನೂರು ಕಡೆಯ ಮೇಷ್ಟ್ರೊಬ್ಬರು ಕೇಳಿದ್ದಾರೆ: “ನಮ್ಮ ಹೈಸ್ಕೂಲಿಗೆ ದಾನಿಗಳು ಸೋಲಾರ್ ಪ್ಯಾನೆಲ್ ಕೊಡಿಸ್ತೀವಿ ಅಂತಿದ್ದಾರೆ. ಹಾಕಿಸಿದರೆ ಎಷ್ಟು ಕರೆಂಟ್ ಉಳಿಯುತ್ತೆ ಸರ್?”

ಒಂದು ಯೂನಿಟ್ಟೂ ಉಳಿಯುವುದಿಲ್ಲ. ಪ್ಯಾನೆಲ್ ಕರೆಂಟ್ ಹುಟ್ಟಿಸುತ್ತದೆ, ಖರ್ಚು ಮಾಡುವ ಕಟ್ಟಡ ಹಾಗೇ ಇರುತ್ತದೆ. ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಳ್ಳಲು ಪ್ಯಾನೆಲ್ಲಿನಷ್ಟು ಒಪ್ಪುವ ವಸ್ತು ಇನ್ನೊಂದಿಲ್ಲ, ಅದು ಬೇರೆ ಮಾತು. ತಾರಸಿಯಿಂದ ಒಂದೆರಡಡಿ ಎತ್ತರಿಸಿ ಕೂರಿಸಿದರೆ ಅದರ ನೆರಳಾದರೂ ಕೆಳಗಿನ ಕೋಣೆಗೆ ಉಪಕಾರ ಮಾಡೀತು.

ಕಟ್ಟಡದ ಲೆಕ್ಕವೇ ಬೇರೆ ಎಂಬುದಕ್ಕೆ ಒಂದು ಹಳೆಯ ಕಥೆ ಇದೆ. ಇಂಗ್ಲೆಂಡಿನ ಲಿವರ್‌ಪೂಲ್ ಪಕ್ಕದ ವಾಲಸಿಯಲ್ಲಿ ಸೇಂಟ್ ಜಾರ್ಜ್ ಶಾಲೆಗೆ 1961ರಲ್ಲಿ ಹೊಸ ಭಾಗವೊಂದು ಸೇರಿತು. ಅದರ ವಿನ್ಯಾಸ ಎಮ್‌ಸ್ಲಿ ಮಾರ್ಗನ್ ಎಂಬ ವಾಸ್ತುಶಿಲ್ಪಿಯದು. ದಕ್ಷಿಣದ ಗೋಡೆ ಪೂರ್ತಿ ಗಾಜು, ಅದೂ ಸುಮಾರು ಎರಡಡಿ ಅಂತರ ಬಿಟ್ಟು ಎರಡು ಪದರ. ಉಳಿದದ್ದೆಲ್ಲ ದಪ್ಪ ಇಟ್ಟಿಗೆ, ಕಾಂಕ್ರೀಟು. ಅದರ ಹೊರಮೈಗೆ ಐದಿಂಚು ಥರ್ಮೋಕೋಲಿನ ಹೊದಿಕೆ. ಯಾವುದಕ್ಕೂ ಇರಲಿ ಎಂದು ಮಾಮೂಲಿ ಹೀಟಿಂಗ್ ವ್ಯವಸ್ಥೆಯನ್ನೂ ಕೂಡಿಸಿದ್ದರು. ಅದರ ಅಗತ್ಯವೇ ಬೀಳಲಿಲ್ಲ. ‘ಸೌರ ಶಾಲೆ’ ಎಂದು ಜಗತ್ತೆಲ್ಲ ಹೊಗಳಿತು. ಆಮೇಲೆ ವಿಜ್ಞಾನಿಗಳು ಕೂತು ಅಳೆದಾಗ ಚಿತ್ರವೇ ಬದಲಾಯಿತು: ಸೂರ್ಯನ ಜೊತೆಗೆ ತರಗತಿಯ ಬಲ್ಬುಗಳೂ ದೊಡ್ಡ ಪಾಲು ಬಿಸಿ ಕೊಡುತ್ತಿದ್ದವು, ಇನ್ನೊಂದು ಪಾಲು ಮಕ್ಕಳ ಮೈಯಿಂದ ಬರುತ್ತಿತ್ತು. ಅಲ್ಲಿಗೆ ಇವತ್ತು ಎಲ್‌ಇಡಿ ಹಾಕಿದರೆ ಮಕ್ಕಳು ಚಳಿಗೆ ನಡುಗಬೇಕಾದೀತು! ಬಿಸಿ ಸೋರದಂತೆ ಬಿಗಿ ಮಾಡಿದ ಕಟ್ಟಡದಲ್ಲಿ ಗಾಳಿಯಾಟವೂ ಕಡಿಮೆಯಿತ್ತು.

ಸಿಂಧನೂರಿನಲ್ಲಿ ಇದೆಲ್ಲ ತಿರುವುಮುರುವು. ಸುಮ್ಮನೆ ಕೂತ ಮಗುವಿನ ಮೈ 70 ವ್ಯಾಟ್‌ನಷ್ಟು ಬಿಸಿ ಬಿಡುತ್ತದೆ ಎಂದುಕೊಳ್ಳಿ. 45 ಮಕ್ಕಳಿದ್ದರೆ ಮೂರು ಕಿಲೋವ್ಯಾಟ್ ದಾಟಿತು. ಇನ್ನು ತಲೆಯ ಮೇಲಿನದು. 20 ಅಡಿ ಉದ್ದ, 20 ಅಡಿ ಅಗಲದ ಕೋಣೆಯ ತಾರಸಿ ಸುಮಾರು 37 ಚದರ ಮೀಟರ್. ಏಪ್ರಿಲ್ ನಡುಹಗಲಿನ ಬಿಸಿಲು ಚದರ ಮೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋವ್ಯಾಟ್. ಕಪ್ಪಡರಿದ ಹಳೆ ಕಾಂಕ್ರೀಟು ಅದರಲ್ಲಿ ಮೂರನೇ ಎರಡು ಪಾಲನ್ನು ಹೀರುತ್ತದೆ, ಅಂದರೆ ಸುಮಾರು 25 ಕಿಲೋವ್ಯಾಟ್. ಬಹುಪಾಲು ಗಾಳಿಗೆ, ಆಕಾಶಕ್ಕೆ ಮರಳುತ್ತದೆ, ನಿಜ. ಏಳರಲ್ಲೊಂದು ಪಾಲು ಕೆಳಗಿಳಿದರೂ ಮಕ್ಕಳ ಮೈಬಿಸಿಯನ್ನು ಮೀರುತ್ತದೆ.

ಅದು ಇಳಿಯುವ ಹೊತ್ತಂತೂ ಇನ್ನೂ ವಿಚಿತ್ರ. ದೋಸೆ ಕಾವಲಿಯನ್ನು ನೆನಪಿಸಿಕೊಳ್ಳಿ. ಒಲೆ ಹಚ್ಚಿದ ತಕ್ಷಣ ಅದು ಕಾಯುವುದಿಲ್ಲ, ಮೊದಲ ದೋಸೆ ಕಿತ್ತು ಬರುತ್ತದೆ. ಒಲೆ ಆರಿಸಿದ ಮೇಲೂ ಇನ್ನೊಂದು ದೋಸೆ ಬೇಯುತ್ತದೆ. ಕಾವಲಿ ದಪ್ಪವಿದ್ದಷ್ಟೂ ಈ ತಡ ಹೆಚ್ಚು. ನಾಲ್ಕೈದು ಇಂಚಿನ ಆರ್‌ಸಿಸಿ ಸ್ಲ್ಯಾಬು ಮಗುಚಿಟ್ಟ ಕಾವಲಿ: ಉರಿ ಮೇಲೆ, ಬೇಯುವವರು ಕೆಳಗೆ. ನಡುಹಗಲಿನ ಬಿಸಿ ಒಳಮೈ ತಲುಪಲು ಎರಡು ಮೂರು ಗಂಟೆ ಬೇಕು. ಹೊರಗೆ ಬಿಸಿಲು ತಗ್ಗಿದರೂ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳು ತೂಕಡಿಸುವುದಕ್ಕೆ ಪಾಠವೊಂದೇ ಕಾರಣ ಅಲ್ಲ, ಮೇಷ್ಟ್ರೇ.

ನಮ್ಮ ಶಾಲೆಗಳ ಸೂರು ಮೊದಲು ಹೀಗಿರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಎಷ್ಟೋ ಶಾಲೆಗಳಿಗೆ ಆ ಹೆಂಚೇ ಸೂರಾಯಿತು. ತೆಳ್ಳನೆಯ ಹೆಂಚು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಮೇಲೇರಿದ ಬಿಸಿಗಾಳಿ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಆದರೆ ಕೋತಿ ಕಾಟ, ಮಳೆ ಸೋರುವುದು, ವರ್ಷ ವರ್ಷ ಕೈಯಾಡಿಸುವ ಕೆಲಸ ಇವು ಯಾರಿಗೆ ಬೇಕು? ಆರ್‌ಸಿಸಿ ಬಂತು.

ಈ ಸೆಕೆಗೆ ನಾವು ಹಾಕಿಕೊಳ್ಳುವ ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ ಅಷ್ಟೇ. ಆ ಕೆಲಸಕ್ಕೆ ಹಳೇ ಮೋಟಾರಿನ ಫ್ಯಾನು 75 ವ್ಯಾಟ್ ತಿಂದರೆ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನಿಗೆ 30 ಸಾಕು. ಹತ್ತು ಕೋಣೆ, ಕೋಣೆಗೆ ನಾಲ್ಕು ಫ್ಯಾನು, ದಿನಕ್ಕೆ ಆರು ಗಂಟೆ ಎಂದರೆ ಹತ್ತಕ್ಕೂ ಹೆಚ್ಚು ಯೂನಿಟ್ ದಿನಾ ಉಳಿಯಿತು. ಸರ್ಕಾರಿ ಶಾಲೆಗೆ ಕರೆಂಟ್ ಉಚಿತವಾದ ಮೇಲೆ ಈ ಲೆಕ್ಕ ಹಾಕುವವರು ಕಡಿಮೆಯಾಗಿದ್ದಾರೆ ಎಂಬುದು ನನ್ನ ಗುಮಾನಿ.

ನನ್ನನ್ನು ಕೇಳಿದರೆ ಮೊದಲ ದುಡ್ಡು ಹೋಗಬೇಕಾದ್ದು ಸುಣ್ಣಕ್ಕೆ. ಬಿಳಿ ತಾರಸಿ ಬಿಸಿಲಿನ ಮೂರನೇ ಎರಡು ಪಾಲನ್ನು ಹೀರುವ ಬದಲು ಹಿಂದಕ್ಕೆ ಅಟ್ಟುತ್ತದೆ. ನಡುಹಗಲಲ್ಲಿ ಸ್ಲ್ಯಾಬಿನ ಮೇಲ್ಮೈ ಹತ್ತು ಡಿಗ್ರಿಗೂ ಮೀರಿ ತಣ್ಣಗಿರುತ್ತದೆ. ಧೂಳು ಕೂತಂತೆ ಗುಣ ಕುಗ್ಗುವುದರಿಂದ ಪ್ರತಿವರ್ಷ ಫೆಬ್ರವರಿಯಲ್ಲೇ ಬಳಿಯಬೇಕು. ಹಳೇ ಪಾಚಿಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ತಾರಸಿ ನೆನೆಸಿ, ಸುಣ್ಣದ ನೀರಿಗೆ ಒಂದಿಷ್ಟು ಫೆವಿಕಾಲ್ ಕಲಸಿ ಎರಡು ಕೋಟ್ ಹೊಡೆಸಿ. ಒಂದು ಕೋಟ್ ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ.