ಪ್ರಾಯೋಜಿತ ಮಗುವೂ ಧರ್ಮಕೇಂದ್ರದ ಹೊಣೆಯೂ

ತುಮಕೂರು ನಗರದ ಕಾರ್ಖಾನೆಗಳಲ್ಲಾಗಲಿ, ಗುಬ್ಬಿ, ಕುಣಿಗಲ್ ಸೀಮೆಯ ಹೊಲ ತೋಟಗಳಲ್ಲಾಗಲಿ ದುಡಿಯುವ ತಾಯಿತಂದೆಯರು ಮನೆ ಸೇರುವ ವೇಳೆಗೆ ಶಾಲೆ ಬಿಟ್ಟು ಬಹಳ ಹೊತ್ತಾಗಿರುತ್ತದೆ. ಮಧ್ಯಾಹ್ನದ ಊಟವನ್ನು ಅಕ್ಷರ ದಾಸೋಹ ಯೋಜನೆಯೂ, 2013ರಿಂದ ಹಾಲನ್ನು ಕ್ಷೀರಭಾಗ್ಯ ಯೋಜನೆಯೂ ಒದಗಿಸುತ್ತಿವೆ. ಬಡ ಮಗುವಿನ ದಿನದಲ್ಲಿ ಆಸರೆಯಿಲ್ಲದೆ ಉಳಿಯುವುದು ಸಂಜೆಯ ಹೊತ್ತು. ಕ್ರೈಸ್ತ ಮಕ್ಕಳ ಪ್ರಾಯೋಜಕತ್ವ ಕೇಂದ್ರಗಳ ಕಾರ್ಯ ಹೆಚ್ಚಾಗಿ ನಡೆಯುವುದು ಈ ಹೊತ್ತಿನಲ್ಲೇ. ಇಂಥ ಕೇಂದ್ರಗಳನ್ನು ಬಹುಮಟ್ಟಿಗೆ ಪ್ರೊಟೆಸ್ಟೆಂಟ್ ಸಭೆಗಳು ನಡೆಸಿಕೊಂಡು ಬಂದಿವೆಯಾದರೂ ಅವು ಎತ್ತುವ ದೈವಶಾಸ್ತ್ರೀಯ ಪ್ರಶ್ನೆಗಳು ನಮ್ಮ ಧರ್ಮಕೇಂದ್ರಗಳಿಗೂ ಸೇರಿದವು.

ಪದ್ಧತಿಯ ಮೂಲ

ಮಕ್ಕಳ ಸೇವೆ ಈ ನೆಲಕ್ಕೆ ಹೊಸದಲ್ಲ. ವೆಸ್ಲಿಯನ್ ಮಿಷನರಿ ವಿಲಿಯಂ ಆರ್ಥರ್ 1839ರಲ್ಲಿಯೇ ಗುಬ್ಬಿಗೆ ಬಂದಿದ್ದರು; ಆ ಮಿಷನ್ನಿನ ದುಡಿಮೆಯಲ್ಲಿ ಶಾಲೆಗೆ ಪ್ರಮುಖ ಸ್ಥಾನವಿತ್ತು. ಆದರೆ ದೂರದ ಒಬ್ಬ ದಾನಿಯನ್ನು ಹೆಸರು, ಭಾವಚಿತ್ರಗಳ ಮೂಲಕ ಒಂದು ಮಗುವಿಗೆ ಜೋಡಿಸುವ ಪದ್ಧತಿ 20ನೇ ಶತಮಾನದ್ದು. ಅಮೆರಿಕದ ಬೋಧಕ ಎವರೆಟ್ ಸ್ವಾನ್ಸನ್ ಕೊರಿಯಾ ಯುದ್ಧದ ಅನಾಥ ಮಕ್ಕಳನ್ನು ಕಂಡು 1952ರಲ್ಲಿ ಆರಂಭಿಸಿದ ಸೇವೆ ಮುಂದೆ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯಾಗಿ ಬೆಳೆದು 1968ರಲ್ಲಿ ಭಾರತಕ್ಕೆ ಬಂದಿತು. ಜರ್ಮನಿಯ ಕಿಂಡರ್‌ನೋಟ್‌ಹಿಲ್ಫೆ ಸಂಸ್ಥೆ 1959ರಲ್ಲಿ ಹುಟ್ಟಿದ್ದೇ ಭಾರತದ ಮಕ್ಕಳಿಗೆ ನೆರವಾಗಲೆಂದು.

ಕೇಂದ್ರದ ಚಟುವಟಿಕೆಗಳು

ಬಾಲಯೇಸು ಜ್ಞಾನದಲ್ಲಿಯೂ ದೇಹದಲ್ಲಿಯೂ, ದೇವರ ಮತ್ತು ಮನುಷ್ಯರ ಮೆಚ್ಚುಗೆಯಲ್ಲಿಯೂ ಬೆಳೆದರೆಂದು ಸಂತ ಲೂಕರು ತಿಳಿಸುತ್ತಾರೆ (2:52). ಕೇಂದ್ರಗಳ ಕಾರ್ಯವನ್ನು ಈ ನಾಲ್ಕು ಮುಖಗಳಲ್ಲಿ ಗ್ರಹಿಸಬಹುದು. ಮನೆಪಾಠ, ಓದುಬರಹದ ಅಭ್ಯಾಸ ಜ್ಞಾನಕ್ಕೆ. ಸಂಜೆಯ ಉಪಾಹಾರ, ಎತ್ತರ ತೂಕಗಳ ದಾಖಲೆ, ವೈದ್ಯಕೀಯ ತಪಾಸಣೆ ದೇಹಕ್ಕೆ. ಆಟ, ಹಾಡು, ತಾಯಂದಿರ ಸಭೆ, ಮನೆಭೇಟಿ ಸಮಾಜದೊಡನೆ ಬೆರೆತು ಬಾಳುವುದಕ್ಕೆ. ಪ್ರಾರ್ಥನೆ, ಬೈಬಲ್ ಕಥೆ ದೇವರೊಡನೆಯ ಸಂಬಂಧಕ್ಕೆ. ಇವುಗಳ ಜೊತೆಗೆ ಪ್ರಾಯೋಜಕರಿಗೆ ಪತ್ರ ಬರೆಸುವುದೂ ಭಾವಚಿತ್ರ ಕಳುಹಿಸುವುದೂ ಸೇರಿವೆ.

ಈ ಕೊನೆಯ ಕಾರ್ಯದಲ್ಲಿ ಒಂದು ತೊಡಕಿದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬುದು ಪ್ರಭುವಿನ ಬೋಧನೆ (ಮತ್ತಾಯ 6:3). ಆದರೆ ಈ ಪದ್ಧತಿ ನಿಂತಿರುವುದೇ ಕೊಟ್ಟವರಿಗೆ ಪಡೆದವರ ಮುಖ ಕಾಣುವುದರ ಮೇಲೆ. ದೂರದಲ್ಲಿ ತನಗಾಗಿ ಪ್ರಾರ್ಥಿಸುವವರೊಬ್ಬರಿದ್ದಾರೆಂಬ ಅರಿವು ಮಗುವಿಗೆ ಬಲ ನೀಡೀತು. ಅದೇ ಪತ್ರ ಹೇಳಿಕೊಟ್ಟಂತೆ ಬರೆಯಬೇಕಾದ ವಂದನಾರ್ಪಣೆಯಾದರೆ ಮಗು ತನ್ನನ್ನು ಋಣಿಯೆಂದೇ ಎಣಿಸುತ್ತದೆ. ಮಗು ತನ್ನ ಮಾತಿನಲ್ಲಿ ತನಗೆ ತೋಚಿದ್ದನ್ನು ಬರೆಯಲಿ. ಬಡತನವನ್ನು ಪ್ರದರ್ಶಿಸುವ ಚಿತ್ರ ಬೇಡ. ಮರಳಿ ಕೊಡಲಾರದವರನ್ನೇ ಔತಣಕ್ಕೆ ಕರೆಯಿರಿ ಎಂಬ ಬೋಧನೆಯ (ಲೂಕ 14:12-14) ತಿರುಳು ಇದೇ.

ಮನಸ್ಸಾಕ್ಷಿಯ ಪ್ರಶ್ನೆ

ಕೇಂದ್ರಕ್ಕೆ ಅನ್ಯಧರ್ಮದ ಮನೆಗಳ ಮಕ್ಕಳೂ ಬರುತ್ತಾರೆ. ಅವರಿಗೆ ಬೈಬಲ್ ಕಥೆ ಹೇಳಬೇಕೆ ಎಂಬ ಪ್ರಶ್ನೆಗೆ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ದಾರಿ ತೋರಿದೆ. ಧಾರ್ಮಿಕ ಸ್ವಾತಂತ್ರ್ಯ ಕುರಿತ ಅದರ ಘೋಷಣೆಯ 4ನೇ ಪರಿಚ್ಛೇದವು ಧರ್ಮಪ್ರಸಾರದಲ್ಲಿ ಒತ್ತಾಯವನ್ನೂ ಅಯೋಗ್ಯವಾದ ಮನವೊಲಿಕೆಯನ್ನೂ ನಿಷೇಧಿಸುತ್ತದೆ. ಬಡವರ, ಓದುಬರಹವಿಲ್ಲದವರ ವಿಷಯದಲ್ಲಂತೂ ವಿಶೇಷವಾಗಿ ಎಚ್ಚರಿಸುತ್ತದೆ. ವಿಶ್ವಗುರು 16ನೇ ಬೆನೆಡಿಕ್ಟರ 2005ರ ವಿಶ್ವಪರಿಪತ್ರವೂ ಪ್ರೀತಿಯ ಸೇವೆ ಮತಾಂತರದ ಸಾಧನವಾಗಕೂಡದೆಂದು ಸ್ಪಷ್ಟಪಡಿಸುತ್ತದೆ. ಆದುದರಿಂದ ಪೋಷಕರಿಗೆ ಎಲ್ಲವೂ ಮೊದಲೇ ತಿಳಿದಿರಬೇಕು. ಪ್ರಾರ್ಥನೆಗೆ ಕೂರದ ಮಗುವಿಗೂ ಅದೇ ತಿಂಡಿ, ಅದೇ ಪಾಠ, ಅದೇ ಅಕ್ಕರೆ ಸಿಗಬೇಕು. ತುಮಕೂರಿನ ಜನ ಇಂಥ ಸೇವೆಯನ್ನು ಕಂಡವರು. ಸಿದ್ಧಗಂಗಾ ಮಠದಲ್ಲಿ ಶ್ರೀ ಶಿವಕುಮಾರ ಸ್ವಾಮೀಜಿಯವರು (1907–2019) ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳ ದಾಸೋಹ ನಡೆಸಿದರು. ನಮ್ಮ ಸೇವೆಯನ್ನೂ ಜನ ಆ ಮಟ್ಟದಲ್ಲಿಟ್ಟು ಅಳೆಯುವುದು ಸಹಜ.

ಹಣ ನಿಂತ ಮೇಲೆ

ಪ್ರತಿಯೊಂದು ರವಾನೆಗೂ ಪೂರ್ವಾನುಮತಿ ಬೇಕೆಂದು ಕೇಂದ್ರ ಗೃಹ ಸಚಿವಾಲಯ 2016ರಲ್ಲಿ ವಿಧಿಸಿದ ಮೇಲೆ, 2017ರ ಮಾರ್ಚ್‌ನಲ್ಲಿ ಕಂಪ್ಯಾಷನ್ ಭಾರತದ ತನ್ನ ಕಾರ್ಯವನ್ನು ನಿಲ್ಲಿಸಿತು. ದೇಶದಾದ್ಯಂತ ಸುಮಾರು 1,45,000 ಮಕ್ಕಳಿಗೆ ಆ ನೆರವು ಕೊನೆಗೊಂಡಿತು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು; ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ನಗರದ ಕಚೇರಿಯೊಂದು ಹಣ ಪಡೆದು ಊರೂರಿನ ಸಭೆಗಳಿಗೆ ಹಂಚುವ ಹಳೆಯ ದಾರಿ ಇದರಿಂದ ಮುಚ್ಚಿತು.

ಕಾನೂನಿನ ನ್ಯಾಯಾನ್ಯಾಯ ಬೇರೆ ಚರ್ಚೆ. ಪಾಲಕನು ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳ: ಹಣ ನಿಂತ ಮರುದಿನ ಸಂಜೆ ಆ ಮಗು ಎಲ್ಲಿಗೆ ಹೋಗಬೇಕು? ಶುಲ್ಕ, ಔಷಧಿಗಳಿಗೆ ಹಣ ಬೇಕು, ನಿಜ. ಆದರೆ ದೀಪವಿರುವ ಒಂದು ಕೋಣೆ, ಪಾಠ ಹೇಳುವ ಇಬ್ಬರು ಯುವಜನರು, ಮಗು ಎರಡು ದಿನ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುವ ಒಬ್ಬ ಹಿರಿಯರು, ಇವು ಧರ್ಮಕೇಂದ್ರದಲ್ಲೇ ಸಿಗುವಂಥವು. ಗುರುಮಠದ ವಿದ್ಯಾರ್ಥಿಗಳು ತಮ್ಮ ಪಾಲನಾ ಅಭ್ಯಾಸದ ವರ್ಷದಲ್ಲಿ ಇಂಥದೊಂದು ಸಂಜೆ ತರಗತಿಯ ಹೊಣೆ ಹೊರಬಹುದು. ದೂರದ ಪ್ರಾಯೋಜಕರು ದೊರೆತರೆ ಕೃತಜ್ಞತೆಯಿಂದ ಸ್ವೀಕರಿಸೋಣ. ಆದರೆ ಮಗುವಿನ ಮೊದಲ ಪ್ರಾಯೋಜಕರು ಅದರ ಬೀದಿಯಲ್ಲಿಯೇ ಬಾಳುವ ಧರ್ಮಸಭೆಯ ಜನರಾಗಿರಲಿ.