ಪುಟಕೋಷ್ಟಕದ ಹಂತಗಳು: ಕರ್ನೆಲ್ ಸಂಕೇತದಲ್ಲಿ ಹೆಸರು ಮತ್ತು ಎಣಿಕೆಯ ಪ್ರಶ್ನೆ

ಗಣಕದಲ್ಲಿ ನಡೆಯುವ ಪ್ರತಿಯೊಂದು ಕ್ರಮವಿಧಿಯೂ ವಿಳಾಸಗಳ ಒಂದು ವಿಸ್ತಾರ ತನಗೇ ಮೀಸಲಾಗಿದೆ ಎಂಬಂತೆ ಕೆಲಸ ಮಾಡುತ್ತದೆ. ಈ ಕಲ್ಪಿತ ವಿಳಾಸವನ್ನು ಸ್ಮೃತಿಯ ನೈಜ ಸ್ಥಾನಕ್ಕೆ ಹೊಂದಿಸಿಕೊಡುವ ದಾಖಲೆಯೇ ಪುಟಕೋಷ್ಟಕ, ಅಂದರೆ ಪೇಜ್ ಟೇಬಲ್. ಇದನ್ನು ಬರೆದಿಡುವ ಹೊಣೆ ಕಾರ್ಯಾಚರಣ ವ್ಯವಸ್ಥೆಯ ಕರ್ನೆಲ್‌ನದು. ಓದುವ ಕೆಲಸ ಸಂಸ್ಕಾರಕದ್ದು. 48 ಬಿಟ್‌ಗಳ ವಿಳಾಸವನ್ನು 4 ಕಿಲೋಬೈಟ್ ಪುಟಗಳಾಗಿ ವಿಂಗಡಿಸಿ ಒಂದೇ ಕೋಷ್ಟಕದಲ್ಲಿ ಬರೆಯಹೊರಟರೆ ಸುಮಾರು 6,872 ಕೋಟಿ ನಮೂದುಗಳಾಗುತ್ತವೆ. ನಮೂದೊಂದಕ್ಕೆ 8 ಬೈಟ್‌ನಂತೆ ಪ್ರತಿ ಕ್ರಮವಿಧಿಗೂ 512 ಗಿಗಾಬೈಟ್ ಸ್ಥಳ ಕೋಷ್ಟಕಕ್ಕೇ ಬೇಕಾಗುತ್ತದೆ. ಆದ್ದರಿಂದಲೇ ಕೋಷ್ಟಕವನ್ನು ಹಂತಹಂತವಾಗಿ ಒಡೆದು, ಬಳಕೆಯಲ್ಲಿರುವ ಭಾಗಕ್ಕೆ ಮಾತ್ರ ಕೆಳಗಿನ ಕೋಷ್ಟಕಗಳನ್ನು ನಿರ್ಮಿಸುವ ಪದ್ಧತಿ ಬಂದಿತು. ಇದರ ರಚನೆ ಒಂದು ಮರದಂತೆ. ಆದರೆ ಗೀತೆಯ ಅಶ್ವತ್ಥದ ಹಾಗೆ ಬೇರು ಮೇಲಿದೆ, ಎಲೆಗಳು ಕೆಳಗಿವೆ. ಈ ಹಂತಗಳನ್ನು ಯಾವ ಹೆಸರಿನಿಂದ ಕರೆಯಬೇಕು, ಯಾವ ತುದಿಯಿಂದ ಎಣಿಸಬೇಕು ಎಂಬ ಪ್ರಶ್ನೆಯನ್ನು ಲಿನಕ್ಸ್ ಕರ್ನೆಲ್‌ನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಲಿನಕ್ಸ್‌ನಲ್ಲಿ ಇಂದು ಐದು ಹಂತಗಳಿವೆ. ಬೇರಿನಿಂದ ಎಲೆಯ ಕಡೆಗೆ ಇಳಿದರೆ ಪಿಜಿಡಿ, ಪಿ4ಡಿ, ಪಿಯುಡಿ, ಪಿಎಂಡಿ, ಪಿಟಿಇ. ಇವುಗಳಲ್ಲಿ ಮೊದಲನೆಯದು ಪೇಜ್ ಗ್ಲೋಬಲ್ ಡೈರೆಕ್ಟರಿ, ಮೂರನೆಯದು ಅಪ್ಪರ್, ನಾಲ್ಕನೆಯದು ಮಿಡಲ್. ಕೊನೆಯದು ಪೇಜ್ ಟೇಬಲ್ ಎಂಟ್ರಿ. ಜಾಗತಿಕ, ಮೇಲಿನ, ನಡುವಿನ ಎಂಬ ವಿಶೇಷಣಗಳ ಸಾಲಿನಲ್ಲಿ ಇದ್ದಕ್ಕಿದ್ದಂತೆ ಒಂದು ಅಂಕಿ ಬಂದು ಕುಳಿತಿರುವುದನ್ನು ಯಾರಾದರೂ ಗಮನಿಸಬಹುದು. ನಡುವಿನದು ಎಂಬ ಹೆಸರಿನ ಹಂತ ಈಗ ನಡುವಿನಲ್ಲಿಲ್ಲ ಎಂಬುದೂ ಅಷ್ಟೇ ಸ್ಪಷ್ಟ. ಇದು ಯಾರೋ ಒಮ್ಮೆ ಕುಳಿತು ರೂಪಿಸಿದ ಪರಿಭಾಷೆಯಲ್ಲ, ಕಾಲಕಾಲಕ್ಕೆ ಕೋಣೆ ಸೇರಿಸುತ್ತ ಬೆಳೆದ ಮನೆ.

32 ಬಿಟ್‌ನ ಇಂಟೆಲ್ ಸಂಸ್ಕಾರಕಕ್ಕೆ ಎರಡೇ ಹಂತ ಸಾಕಾಗಿದ್ದವು: ವಿಳಾಸದ 10 ಬಿಟ್ ಮೊದಲ ಕೋಷ್ಟಕಕ್ಕೆ, 10 ಬಿಟ್ ಎರಡನೆಯದಕ್ಕೆ, ಉಳಿದ 12 ಪುಟದೊಳಗಿನ ಸ್ಥಾನಕ್ಕೆ. ಆಲ್ಫಾ ಸಂಸ್ಕಾರಕದಲ್ಲಿ ಮೂರು ಹಂತಗಳಿದ್ದವು. ಯಂತ್ರ ಯಾವುದೇ ಇರಲಿ, ಕರ್ನೆಲ್‌ನ ಸಾಮಾನ್ಯ ಭಾಗ ಮೂರು ಹಂತಗಳಿವೆ ಎಂದೇ ಭಾವಿಸಿ ಬರೆಯಲ್ಪಟ್ಟಿತು. ಎರಡೇ ಇರುವ ಯಂತ್ರದಲ್ಲಿ ಪಿಎಂಡಿಯನ್ನು ಮಡಿಸಿಡಲಾಯಿತು. ಮಡಿಸುವುದೆಂದರೆ ಆ ಹಂತಕ್ಕೆ ಒಂದೇ ನಮೂದು ಇದೆ ಎಂದು ತೋರಿಸಿ, ಮೇಲಿನ ಹಂತದ ಸೂಚಕವನ್ನೇ ಹಾಗೆಯೇ ಕೆಳಕ್ಕೆ ದಾಟಿಸುವುದು. ಅನುವಾದಕ ತಂತ್ರಾಂಶ ಅದನ್ನು ಪೂರ್ತಿ ಅಳಿಸಿಹಾಕುವುದರಿಂದ ವೇಗಕ್ಕೆ ಕುಂದಿಲ್ಲ.

ಎಕ್ಸ್86-64 ಸಂಸ್ಕಾರಕವು ನಾಲ್ಕು ಹಂತಗಳೊಂದಿಗೆ ಬಂದಾಗ ಪ್ರಶ್ನೆ ತೀಕ್ಷ್ಣವಾಯಿತು. ಹೊಸ ಹಂತವನ್ನು ಎಲ್ಲಿ ಸೇರಿಸಬೇಕು? 2004ರಲ್ಲಿ ಆಂಡಿ ಕ್ಲೀನ್ ಅವರು ಪಿಜಿಡಿಯ ಮೇಲೆ ಪಿಎಂಎಲ್4 ಎಂಬ ಹಂತವನ್ನಿಡುವ ಪರಿಷ್ಕರಣೆಯನ್ನು ಮುಂದಿಟ್ಟರು. ಆ ಹೆಸರು ಯಂತ್ರಾಂಶದ ಕೈಪಿಡಿಯದೇ. ನಿಕ್ ಪಿಗಿನ್ ಅವರ ಪರ್ಯಾಯದಲ್ಲಿ ಪಿಜಿಡಿ ಬೇರಾಗಿಯೇ ಉಳಿದು, ಅದರ ಮತ್ತು ಪಿಎಂಡಿಯ ನಡುವೆ ಪಿಯುಡಿ ಸೇರಿತು. 2005ರ ಮಾರ್ಚ್‌ನಲ್ಲಿ ಬಿಡುಗಡೆಯಾದ 2.6.11ನೆಯ ಆವೃತ್ತಿ ಸ್ವೀಕರಿಸಿದ್ದು ಎರಡನೆಯದನ್ನು.

ಮೇಲ್ನೋಟಕ್ಕೆ ಇದು ರುಚಿಭೇದದ ಮಾತು. ಆದರೆ ಇಲ್ಲಿ ಪಣಕ್ಕಿದ್ದುದು ಸುರಕ್ಷತೆ. ಲಿನಕ್ಸ್‌ನಲ್ಲಿ ಪ್ರತಿ ಹಂತದ ನಮೂದಿಗೂ ಪ್ರತ್ಯೇಕ ದತ್ತಪ್ರಕಾರವಿದೆ. ಪಿಜಿಡಿಯಿಂದ ನೇರವಾಗಿ ಪಿಎಂಡಿಗೆ ಇಳಿಯುತ್ತಿದ್ದ ಹಳೆಯ ಸಂಕೇತದ ನಡುವೆ ಹೊಸ ಪ್ರಕಾರವೊಂದು ಬಂದೊಡನೆ, ತಿದ್ದದೆ ಉಳಿದ ಪ್ರತಿ ಸ್ಥಳದಲ್ಲೂ ಅನುವಾದಕ ತಂತ್ರಾಂಶ ಪ್ರಕಾರ ಹೊಂದುತ್ತಿಲ್ಲವೆಂದು ತಕರಾರು ತೆಗೆಯುತ್ತದೆ. ಹಾಗೆ ಸಿಕ್ಕಿಬೀಳದೆ ಮೌನವಾಗಿ ತಪ್ಪು ಹಂತವನ್ನು ಓದುವ ಕರ್ನೆಲ್, ಒಬ್ಬ ಬಳಕೆದಾರನ ಸ್ಮೃತಿಯನ್ನು ಮತ್ತೊಬ್ಬನ ಕೈಗೆ ಕೊಡಬಲ್ಲದು. ಹೆಸರುಗಳು ಎಷ್ಟೇ ಒಡ್ಡೊಡ್ಡಾಗಿದ್ದರೂ ಅವು ಕಾವಲು ಕಾಯುತ್ತವೆ ಎಂಬುದನ್ನು ಮರೆಯಲಾಗದು.

ಇದೇ ಕ್ರಮ 2017ರಲ್ಲಿ ಮರುಕಳಿಸಿತು. ಕಿರಿಲ್ ಶುಟೆಮೊವ್ ಅವರ ಪರಿಷ್ಕರಣೆಗಳ ಮೂಲಕ ಐದನೆಯ ಹಂತವು 4.11ರಿಂದ 4.14ರವರೆಗಿನ ಆವೃತ್ತಿಗಳಲ್ಲಿ ಕ್ರಮೇಣ ನೆಲೆಗೊಂಡಿತು. ವಿಳಾಸ 48 ಬಿಟ್‌ನಿಂದ 57ಕ್ಕೆ, ವಿಸ್ತಾರ 256 ಟೆರಾಬೈಟ್‌ನಿಂದ 128 ಪೆಟಾಬೈಟ್‌ಗೆ ಏರಿತು. ಈ ಬಾರಿ ವಿಶೇಷಣಗಳು ಮುಗಿದಿದ್ದವು ಎನ್ನಬೇಕು. ಹೊಸ ಹಂತಕ್ಕೆ ಪಿ4ಡಿ ಎಂದು ಹೆಸರಾಯಿತು. ಆ ನಾಲ್ಕು ಎಲೆಯ ಕಡೆಯಿಂದ ಎಣಿಸಿದ ನಾಲ್ಕು. ಇನ್ನು ಮುಂದೆ ಇಂಥ ಸಾಂದರ್ಭಿಕ ಹೆಸರುಗಳಿಂದ ಸಾಗದು, ಹಂತವನ್ನು ಸೂಚಿಸುವ ಅಂಕಿಯೇ ಬೇಕೆಂಬುದು ಆಗ ಸ್ಪಷ್ಟವಾಯಿತೆಂದು ಕರ್ನೆಲ್‌ನ ಸ್ವಂತ ದಾಖಲೆಯೇ ಒಪ್ಪಿಕೊಳ್ಳುತ್ತದೆ.

ಈ ಬೆಳವಣಿಗೆಯಿಂದ ಒಂದು ವಿಚಿತ್ರ ಪರಿಣಾಮ ಉಂಟಾಗಿದೆ. ಲಿನಕ್ಸ್‌ನ ಹೆಸರುಗಳು ಎರಡೂ ತುದಿಗೆ ಕಟ್ಟಿಕೊಂಡಿವೆ: ಪಿಜಿಡಿ ಎಂದೆಂದಿಗೂ ಬೇರು, ಪಿಟಿಇ ಎಂದೆಂದಿಗೂ ಎಲೆ, ಮಡಿಕೆ ಬೀಳುವುದು ಮಧ್ಯದಲ್ಲಿ. ಹಾಗಾಗಿ ಇಂಟೆಲ್ ಕೈಪಿಡಿಯ ಪಿಎಂಎಲ್4 ಎಂಬ ಒಂದೇ ಕೋಷ್ಟಕ, ನಾಲ್ಕು ಹಂತಗಳಲ್ಲಿ ನಡೆಯುವಾಗ ಪಿಜಿಡಿ, ಐದರಲ್ಲಿ ನಡೆಯುವಾಗ ಪಿ4ಡಿ. ಇವುಗಳಲ್ಲಿ ಯಾವುದು ಎಂಬುದು ಯಂತ್ರ ಚಾಲನೆಗೊಳ್ಳುವ ವೇಳೆ ನಿರ್ಧಾರವಾಗುವುದರಿಂದ, ಒಂದೇ ಕರ್ನೆಲ್ ಎರಡು ಯಂತ್ರಗಳಲ್ಲಿ ಒಂದೇ ವಸ್ತುವನ್ನು ಎರಡು ಹೆಸರಿನಿಂದ ಕರೆಯುತ್ತದೆ. ಹೆಸರು ಗಾತ್ರವನ್ನೂ ಹೇಳುವುದಿಲ್ಲ. ‘ಪಿಎಂಡಿ ಗಾತ್ರದ ಪುಟ’ ಎಂದರೆ ಎಕ್ಸ್86-64ರಲ್ಲಿ 2 ಮೆಗಾಬೈಟ್. ಆರ್ಮ್‌ನ 64 ಬಿಟ್ ಸಂಸ್ಕಾರಕದಲ್ಲಿ ಮೂಲಪುಟ 16 ಕಿಲೋಬೈಟ್ ಆಗಿದ್ದರೆ 32 ಮೆಗಾಬೈಟ್, 64 ಕಿಲೋಬೈಟ್ ಆಗಿದ್ದರೆ 512 ಮೆಗಾಬೈಟ್.

ಹಾಗಾದರೆ ಅಂಕಿಗಳಿಂದ ಸಮಸ್ಯೆ ಪರಿಹಾರವಾಗುವುದೆ? ಎಣಿಕೆಯಲ್ಲೂ ಏಕಮತವಿಲ್ಲ. ಆರ್ಮ್ ಪದ್ಧತಿ ಮೇಲಿನಿಂದ 0, 1, 2, 3 ಎಂದು ಎಣಿಸುತ್ತದೆ. ರಿಸ್ಕ್-ವಿ ಎಲೆಯನ್ನು 0 ಎಂದಿಟ್ಟು ಮೇಲಕ್ಕೆ ಹೋಗುತ್ತದೆ. ಝೆನ್ ಎಂಬ ಹೈಪರ್‌ವೈಸರ್‌ನಲ್ಲಿ ಎಲೆ 1, ಬೇರು 4. ಐಬಿಎಂನ ಎಸ್390 ಯಂತ್ರಗಳಲ್ಲಿ ಮೇಲಿನ ಮೂರು ‘ಪ್ರದೇಶ’ ಕೋಷ್ಟಕಗಳು ಒಂದನೆಯದು, ಎರಡನೆಯದು, ಮೂರನೆಯದು ಎಂದು ಮೇಲಿನಿಂದ ಎಣಿಸಲ್ಪಟ್ಟು, ಕೆಳಗಿನ ಎರಡಕ್ಕೆ ಅಂಕಿಯಿಲ್ಲದ ಹೆಸರುಗಳಿವೆ. ಎರಡನೆಯ ಹಂತ ಎಂಬ ಮಾತಿಗೆ, ಯಾವ ಯಂತ್ರ ಎಂದು ಹೇಳದಿದ್ದರೆ, ಯಾವ ಅರ್ಥವೂ ಇಲ್ಲ.

ಈ ವ್ಯತ್ಯಾಸವನ್ನು ನಮ್ಮ ಸ್ಥಾನಬೆಲೆಯ ಪಾಠದಿಂದ ಅಳೆಯಬಹುದು. ಬಿಡಿ, ಹತ್ತು, ನೂರು, ಸಾವಿರ ಎಂದು ನಾವು ಬಲತುದಿಯಿಂದ ಸ್ಥಾನಗಳನ್ನು ಹೆಸರಿಸುತ್ತೇವೆ. ಸಂಖ್ಯೆ ಬೆಳೆದು ಎಡಗಡೆ ಹೊಸ ಅಂಕಿ ಬಂದರೂ ನೂರರ ಸ್ಥಾನ ನೂರರದಾಗಿಯೇ ಉಳಿಯುತ್ತದೆ. ಪುಟಕೋಷ್ಟಕವೂ ಬೆಳೆಯುವುದು ಬೇರಿನ ಕಡೆಗೇ. ಆದ್ದರಿಂದ ಎಲೆಯಿಂದ ಎಣಿಸಿದವರಿಗೆ ಬೆಳವಣಿಗೆ ತೊಂದರೆ ಕೊಡುವುದಿಲ್ಲ. ಇದಕ್ಕೆ ಪ್ರತಿಯಾಗಿ ಆರ್ಮ್‌ನ ಸ್ಥಿತಿಯನ್ನು ನೋಡಬೇಕು. ಅಲ್ಲಿ ಸಂಸ್ಕಾರಕ ಓದುವ ದಿಕ್ಕಿಗೆ ತಕ್ಕಂತೆ ಎಣಿಕೆ ಮೇಲಿನಿಂದ ಆರಂಭವಾದರೂ, ಎಲೆ ಮಾತ್ರ ಸದಾ 3ನೆಯದು. ಚಿಕ್ಕ ವಿಳಾಸಕ್ಕೆ ನಡಿಗೆ 1 ಅಥವಾ 2ರಿಂದ ಶುರುವಾಗುತ್ತದೆ. 4 ಕಿಲೋಬೈಟ್ ಪುಟಗಳೊಂದಿಗೆ 52 ಬಿಟ್ ವಿಳಾಸ ಬೇಕಾದಾಗ ಸೊನ್ನೆಯ ಮೇಲೆ ಇನ್ನೊಂದು ಹಂತ ಬಂದಿತು. ಅದಕ್ಕೆ ಉಳಿದಿದ್ದ ಅಂಕಿ –1. ನೆಲಮಾಳಿಗೆಗೆ ಸಲ್ಲುವ ಅಂಕಿ ಇಲ್ಲಿ ತಾರಸಿಗೆ ಸಂದಿದೆ! ಪ್ರತಿ ಹಂತದ ವ್ಯಾಪ್ತಿಯನ್ನು ಲೆಕ್ಕ ಹಾಕುವಾಗ ಲಿನಕ್ಸ್‌ನ ಆರ್ಮ್ ಭಾಗ ಹಂತದ ಅಂಕಿಯನ್ನು 4ರಿಂದ ಕಳೆದುಕೊಳ್ಳುತ್ತದೆ. ಎಂದರೆ ಕೊನೆಗೆ ಎಲೆಯಿಂದಲೇ ಎಣಿಸುತ್ತದೆ.

ಅಂಕಿಗೂ ದತ್ತಪ್ರಕಾರಕ್ಕೂ ಸಹಜ ವಿರೋಧವೇನಿಲ್ಲ. ಝೆನ್‌ನಲ್ಲಿ ಎಲ್1ರಿಂದ ಎಲ್4ರವರೆಗೆ ಪ್ರತಿಯೊಂದಕ್ಕೂ ಬೇರೆ ಪ್ರಕಾರವಿದೆ. ಕಾವಲು ಸಡಿಲವಾಗದೆ ಹೆಸರು ಸರಳವಾಗಿದೆ. ಲಿನಕ್ಸ್‌ನೊಳಗೇ ಎಕ್ಸ್86ರ ಕೆವಿಎಂ ವಿಭಾಗ ಎಲೆಯನ್ನು 1 ಎಂದು ಎಣಿಸಿ, ಹೆಸರಿನಲ್ಲಿ 4ಕೆ, 2ಎಂ, 1ಜಿ ಎಂದು ಗಾತ್ರವನ್ನೇ ಬರೆಯುತ್ತದೆ. ಪ್ರಸ್ತುತ ಲೇಖಕನ ದೃಷ್ಟಿಯಲ್ಲಿ ಇವೆರಡೂ ಪಿಯುಡಿ, ಪಿಎಂಡಿಗಳಿಗಿಂತ ಮೇಲು. ಆದರೂ ಮರುನಾಮಕರಣ ಸುಲಭವಲ್ಲ. 2005ರಲ್ಲಿ ತಾತ್ಕಾಲಿಕವೆಂದು ಸೇರಿಸಿದ, ನಾಲ್ಕನೆಯ ಹಂತಕ್ಕೆ ಸಿದ್ಧವಾಗದ ಯಂತ್ರಭಾಗಗಳಿಗಾಗಿನ ಹೊಂದಾಣಿಕೆಯ ಕಡತವೊಂದೇ ಸಂಪೂರ್ಣ ತೆರವಾಗಲು 2019ರ ಕೊನೆಯವರೆಗೆ ಕಾಯಬೇಕಾಯಿತು.

ಹೆಸರು ಬದಲಾದರೂ ಬಗೆಹರಿಯದ ತೊಡಕು ಮತ್ತೊಂದಿದೆ. ಪಿಟಿಇ ಎಂಬುದರ ಅಕ್ಷರಾರ್ಥ ಒಂದು ನಮೂದು. ಆದರೆ ರೂಢಿಯಲ್ಲಿ ಅದು ನಮೂದುಗಳ ಇಡೀ ಕೋಷ್ಟಕಕ್ಕೂ ಸಲ್ಲುತ್ತದೆ. ಪಿಎಂಡಿಯ ಪುಟ ಎಂದಾಗ ಪಿಎಂಡಿ ಕೋಷ್ಟಕ ಇರುವ ಪುಟವೋ, ಅದರ ನಮೂದೊಂದು ತೋರಿಸುವ ಪುಟವೋ? ಕರ್ನೆಲ್‌ನಲ್ಲಿ ಆ ಹೆಸರಿನ ಕ್ರಿಯೆ ಮರಳಿಸುವುದು ಎರಡನೆಯದನ್ನು. ಹೊಸದಾಗಿ ಓದುವವನು ಸಾಮಾನ್ಯವಾಗಿ ಊಹಿಸುವುದು ಮೊದಲನೆಯದನ್ನು.