ಹಿಮ್ಮಡಿಯ ಒಂದು ಹನಿ ರಕ್ತ

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳಿಗೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಆಲ್ಡೊಸ್ಟಿರೋನ್, ಜ್ವರ ಗಾಯಗಳಂಥ ಸಂಕಟಕಾಲದಲ್ಲಿ ಜೀವ ಕಾಯುವ ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಇಲ್ಲಿಯೇ ತಯಾರಾಗುತ್ತವೆ. ಇವುಗಳಿಗೆ ಮೂಲವಸ್ತು ಕೊಲೆಸ್ಟರಾಲ್. ಅದು ಹಲವು ಕಿಣ್ವಗಳ ನೆರವಿನಿಂದ ಹಂತ ಹಂತವಾಗಿ ಹಾರ್ಮೋನಾಗಿ ಮಾರ್ಪಡುತ್ತದೆ.

21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವವು ಹುಟ್ಟಿನಿಂದಲೇ ಕೊರತೆಯಾದಲ್ಲಿ ಈ ಕಾರ್ಯ ನಡುವೆಯೇ ನಿಲ್ಲುತ್ತದೆ. ಕಾರ್ಟಿಸಾಲ್ ಸಾಲದೆಂದು ಪಿಟ್ಯುಟರಿ ಗ್ರಂಥಿಯು ಮೇಲಿಂದ ಮೇಲೆ ಪ್ರಚೋದನೆ ಕಳುಹಿಸುತ್ತದೆ. ಅಡ್ರಿನಲ್ ಗ್ರಂಥಿ ಹಿಗ್ಗುತ್ತದೆ. ಮುಂದೆ ಸಾಗಲಾರದ ವಸ್ತುವು ಪುರುಷ ಹಾರ್ಮೋನುಗಳಾಗಿ ಪರಿಣಮಿಸುತ್ತದೆ. ಇದೇ ‘ಜನ್ಮಜಾತ ಅಡ್ರಿನಲ್ ಹಿಗ್ಗುವಿಕೆ’ ಎಂಬ ಆನುವಂಶಿಕ ರೋಗ.

ಹೆಣ್ಣುಶಿಶುವಿನಲ್ಲಿ ಜನನಾಂಗದ ಹೊರರೂಪ ಬದಲಾಗಿರುವುದರಿಂದ ರೋಗದ ಸುಳಿವು ಹೆರಿಗೆಯ ಕೋಣೆಯಲ್ಲಿಯೇ ದೊರೆಯಬಹುದು. ಗಂಡುಶಿಶುವಿನಲ್ಲಾದರೋ ಸಾಮಾನ್ಯವಾಗಿ ಯಾವ ಚಿಹ್ನೆಯೂ ಕಾಣದು. ತೀವ್ರ ಬಗೆಯ ರೋಗವಿದ್ದರೆ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಮಗು ವಾಂತಿ ಮಾಡತೊಡಗುತ್ತದೆ. ಹಾಲು ಕುಡಿಯದೆ ಸೊರಗುತ್ತದೆ. ಸಾಮಾನ್ಯ ವಾಂತಿಭೇದಿಯೆಂದು ಭ್ರಮಿಸುವಷ್ಟರಲ್ಲಿ ರಕ್ತದ ಸೋಡಿಯಂ ಇಳಿದು, ಪೊಟ್ಯಾಸಿಯಂ ಏರಿ, ಪ್ರಾಣಕ್ಕೇ ಅಪಾಯವೊದಗುತ್ತದೆ.

1950ರಲ್ಲಿ ಬಾಲ್ಟಿಮೋರ್ ನಗರದ ಲಾಸನ್ ವಿಲ್ಕಿನ್ಸ್ ಅವರು ಕಾರ್ಟಿಸೋನ್ ಚಿಕಿತ್ಸೆಯ ಫಲವನ್ನು ತೋರಿಸಿಕೊಟ್ಟರು. 1977ರಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಶಿಶುವಿನ ಹಿಮ್ಮಡಿಯನ್ನು ಚುಚ್ಚಿ, ಸೋಸುಕಾಗದದ ಮೇಲೆ ರಕ್ತದ ಹನಿಯನ್ನು ಒಣಗಿಸಿ ರೋಗವನ್ನು ಗುರುತಿಸುವ ವಿಧಾನವದು.

ಈ ರೋಗಕ್ಕೆ ಕಾರಣವಾದ ದೋಷವು ತಾಯಿ ತಂದೆ ಇಬ್ಬರಿಂದಲೂ ಬರಬೇಕು. ಅವರು ಆರೋಗ್ಯವಂತರಾಗಿಯೇ ಇರುತ್ತಾರೆ. ಆದರೂ ಇಬ್ಬರೂ ದೋಷವಾಹಕರಾಗಿದ್ದಲ್ಲಿ ಪ್ರತಿಯೊಂದು ಬಸಿರಿನಲ್ಲಿಯೂ ಮಗು ರೋಗಿಯಾಗುವ ಸಂಭವ ನಾಲ್ಕರಲ್ಲಿ ಒಂದು. ಸೋದರಿಕೆಯ ವಿವಾಹಗಳಲ್ಲಿ ಇಬ್ಬರಿಗೂ ಒಂದೇ ದೋಷ ಬಂದಿರುವ ಸಾಧ್ಯತೆ ಅಧಿಕ. ದಕ್ಷಿಣದ ಅನೇಕ ಮನೆತನಗಳಲ್ಲಿ ಅಕ್ಕನ ಮಗಳನ್ನು ವರಿಸುವ ರೂಢಿಯಿರುವುದರಿಂದ ಇದು ಗಮನಾರ್ಹ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೆಹಲಿ, ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ನವಜಾತ ಶಿಶುಗಳ ಪರೀಕ್ಷೆ ನಡೆಯಿತು. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ 5,762 ಶಿಶುಗಳಲ್ಲಿ ಒಂದಕ್ಕೆ ಈ ರೋಗವಿತ್ತು. ಚೆನ್ನೈಯೊಂದರಲ್ಲೇ 2,036ಕ್ಕೆ ಒಂದು.

ಹೈಡ್ರೋಕಾರ್ಟಿಸೋನ್ ಮತ್ತು ಫ್ಲುಡ್ರೋಕಾರ್ಟಿಸೋನ್ ಗುಳಿಗೆಗಳು, ಶೈಶವದಲ್ಲಿ ತುಸು ಉಪ್ಪು: ಇದೇ ಮುಖ್ಯ ಚಿಕಿತ್ಸೆ. ತೀವ್ರ ರೋಗದಲ್ಲಿ ಇದು ಆಜೀವಪರ್ಯಂತ ನಡೆಯಬೇಕು. ಜ್ವರ ಬಂದಾಗ ವೈದ್ಯರು ಮೊದಲೇ ತಿಳಿಸಿದಂತೆ ಹೈಡ್ರೋಕಾರ್ಟಿಸೋನ್ ಪ್ರಮಾಣವನ್ನು ಹೆಚ್ಚಿಸಬೇಕು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಒಡನೆಯೇ ಚುಚ್ಚುಮದ್ದು ಬೇಕು. ಎಂದಿಗೂ ಔಷಧವನ್ನು ತಾವಾಗಿ ನಿಲ್ಲಿಸಲಾಗದು. 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಕ್ರಿನೆಸರ್‌ಫಾಂಟ್ ಎಂಬ ಹೊಸ ಔಷಧವು ಸ್ಟೀರಾಯ್ಡಿನ ಪ್ರಮಾಣವನ್ನು ತಗ್ಗಿಸಲು ನೆರವಾಗುತ್ತದೆ. ಆದರೆ ಅದರ ಸ್ಥಾನವನ್ನು ತುಂಬುವುದಿಲ್ಲ.

ಕ್ರಮವಾಗಿ ಚಿಕಿತ್ಸೆ ಪಡೆದ ಮಕ್ಕಳು ಓದಿ, ದುಡಿದು, ಸಂಸಾರ ಹೂಡಿ ಬಾಳಬಲ್ಲರು. ಹಿಂದೆ ಎಳೆಗೂಸನ್ನು ಹೀಗೆ ಕಳೆದುಕೊಂಡ ಕುಟುಂಬದವರಂತೂ, ಮುಂದಿನ ಹೆರಿಗೆಗೆ ಮೊದಲೇ ಈ ಪರೀಕ್ಷೆಯ ವಿಷಯವಾಗಿ ವೈದ್ಯರೊಡನೆ ಮಾತನಾಡುವುದು ಅತ್ಯವಶ್ಯ.